ಶೇಕಡಾ ಎಪ್ಪತ್ತೊಂದು

ಸೊಂಟಪಟ್ಟಿಗೆ ಇನ್ನೊಂದು ತೂತು ಹೊಡೆಯಬೇಕಾಗುತ್ತದೆ ಎಂದು ಗುಲಾಬ್ ಸಾಬ್ ಹೇಳಿದಾಗ ಮೈತ್ರಿ ಮೊದಲು ಬೈದುಕೊಂಡದ್ದು ಪಟ್ಟಿಯನ್ನು. ರೆಗ್ಜಿನ್ನು ಸುಮಾರಿನದು, ಈ ಬಿಸಿಲಿಗೆ ಹಿಗ್ಗಿರಬೇಕು, ಚರ್ಮದ್ದೇ ಹಾಕಿಸಬೇಕಿತ್ತು. ಬೆಳಗಿನ ಒಂಬತ್ತೂವರೆಗೇ ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಶಿಕಾರಿಪುರ ಬಿಟ್ಟು ಶಿರಾಳಕೊಪ್ಪದ ರಸ್ತೆಯಲ್ಲಿ ಮೂರು ಕಿಲೋಮೀಟರಿಗೆ ಸಿಗುವ ಆ ಗೋಶಾಲೆಯ ಹಿಂದುಗಡೆ, ಆಕಳುಗಳ ಕೊಟ್ಟಿಗೆಯ ಸಿಮೆಂಟು ಮುಗಿದು ಮಣ್ಣು ಶುರುವಾಗುವ ಕಡೆ, ಆರು ಒಂಟೆಗಳಿಗೆಂದು ಎತ್ತಿದ ಚಪ್ಪರ ಅದು. ನಾಲ್ಕನೆಯ ನಂಬರಿನದು ಮಂಡಿ ಮಡಚಿ ಕೂತಿತ್ತು. ಬಾಯಿ ಮಾತ್ರ ಆಡುತ್ತಿತ್ತು, ಒಳಗೆ ಏನೂ ಇಲ್ಲದೆಯೂ ಆಡುವ ಹಾಗೆ. ಗುಲಾಬ್ ಸಾಬ್ ಪೇಟೆಯಲ್ಲಿ ಟ್ರ್ಯಾಕ್ಟರಿನ ಸೀಟು, ತಾಡಪಾಲು ಹೊಲಿಯುವವನು. ಒಂಟೆಗಳ ಹಿಂಭಾಗಕ್ಕೆ ಲದ್ದಿ ಹಿಡಿಯುವ ಚೀಲ, ಆ ಚೀಲವನ್ನು ಸಿಕ್ಕಿಸುವ ಸೊಂಟಪಟ್ಟಿ, ಎರಡನ್ನೂ ಮೈತ್ರಿ ಗೆರೆಹಾಳೆಯ ಮೇಲೆ ಬರೆದುಕೊಟ್ಟ ಅಳತೆಗೆ ಹೊಲಿದವನೂ ಅವನೇ. ಈಗ ಅವನು ದಬ್ಬಣವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಪಟ್ಟಿಯ ಮೇಲೆ ಹೆಬ್ಬೆರಳಾಡಿಸಿ ತೂತುಗಳನ್ನು ತೋರಿಸುತ್ತಿದ್ದ. ಇದು ತಾನು ಮೊದಲು ಹೊಡೆದದ್ದು. ಇದು ಒಂದು ವಾರಕ್ಕೆ. ಇದು ಆಮೇಲಿನದು. ಒಂದರಿಂದ ಒಂದಕ್ಕೆ ಎರಡು ಬೆರಳು.

ಪಟ್ಟಿ ಹಿಗ್ಗಿರಬೇಕು ಎಂದಳು ಮೈತ್ರಿ.

"ಪಟ್ಟಿ ಹಂಗೇ ಐತೆ ಮೇಡಂ," ಅಂದ ಗುಲಾಬ್ ಸಾಬ್. "ಒಳಗಿಂದು ಕಮ್ಮಿ ಆಗೈತೆ."

ಅವನು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಬಟ್ಟೆ ಅಳೆಯುವವನು ಗಿರಾಕಿಗೆ ಹೇಳುವ ಹಾಗೆ ಹೇಳಿ, ದಬ್ಬಣ ತೆಗೆದು ನಾಲ್ಕನೆಯ ತೂತು ಹೊಡೆದು, ಒಂಟೆಯ ಕತ್ತಿನ ಬುಡವನ್ನು ಎರಡು ಸಲ ತಟ್ಟಿ, ಅಂಗಡಿ ಬಾಗಿಲು ತೆರೆದಿಟ್ಟು ಬಂದಿದ್ದೇನೆ ಎನ್ನುತ್ತ ಹೊರಟುಹೋದ. ಮೈತ್ರಿ ಅಲ್ಲೇ ನಿಂತಳು. ನಾಲ್ಕು ತೂತು, ಆರು ಬೆರಳು, ಐದು ವಾರ. ಅವಳ ಹೆಗಲಚೀಲದಲ್ಲಿ ನಿನ್ನೆ ಸಂಜೆ ಸೊರಬದಲ್ಲಿ ಕೂತು ಮುಗಿಸಿದ ವರದಿಯಿತ್ತು. ಅದರ ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದೇ ಒಂದು ಅಂಕಿ. ಎಪ್ಪತ್ತೊಂದು.

ಒಂಟೆ ತಿಂದದ್ದರ ಒಣತೂಕದಲ್ಲಿ ಲದ್ದಿಯಾಗಿ ಹೊರಬಂದದ್ದರ ಒಣತೂಕ ಕಳೆದರೆ ಉಳಿಯುವುದು ಹೊಟ್ಟೆ ತನ್ನದೆಂದು ಇಟ್ಟುಕೊಂಡದ್ದು. ನೂರಕ್ಕೆ ಎಷ್ಟು ಇಟ್ಟುಕೊಂಡಿತು ಎಂಬುದೇ ಮೇವಿನ ಜೀರ್ಣದ ಅಳತೆ. ಇಷ್ಟೇ ಶಾಸ್ತ್ರ. ಮೆಕ್ಕೆಜೋಳದ ದಂಟು ಕೊಚ್ಚಿದ್ದು, ಕಾಳು ಬಿಡಿಸಿದ ತೆನೆಯ ಬೆಂಡು ಪುಡಿ ಮಾಡಿದ್ದು, ಅಡಿಕೆ ಹಾಳೆಯ ಚೂರು, ಮೇಲೆ ಒಂದಿಷ್ಟು ಬೆಲ್ಲದ ನೀರು, ಉಪ್ಪು. ಈ ಸೀಮೆಯಲ್ಲಿ ಯಾರೂ ಬೆಲೆ ಕೇಳದ ವಸ್ತುಗಳನ್ನೆಲ್ಲ ಕೂಡಿಸಿದ ಮಿಶ್ರಣ. ಇದಕ್ಕೆ ನಲವತ್ತೈದು ಬಂದರೆ ಹೆಚ್ಚು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಬಂದದ್ದು ಎಪ್ಪತ್ತೊಂದು. ಒಳ್ಳೆಯ ಹಸಿ ಕುದುರೆಮೆಂತೆ ಮೇವಿಗೂ ಅಷ್ಟು ಬರುವುದು ಕಷ್ಟ. ಯೋಜನೆಯ ಮುಖ್ಯಸ್ಥ ಡಾಕ್ಟರ್ ಮಲ್ಲಿಕಾರ್ಜುನ್ ಮೊದಲ ವಾರದ ಅಂಕಿ ನೋಡಿದ ದಿನ ಫೋನಿನಲ್ಲಿ ನಕ್ಕು, ಮರುಭೂಮಿಯ ಪ್ರಾಣಿ ಮೈತ್ರಿ, ಕಲ್ಲು ಕೊಟ್ಟರೂ ಕರಗಿಸುತ್ತದೆ ಅಂದಿದ್ದರು. ಆ ನಗು ಅವಳಿಗೆ ಹಿತವಾಗಿತ್ತು. ಮೂವತ್ತೊಂದು ವರ್ಷದಲ್ಲಿ ಇಂಥ ನಗುವನ್ನು ಅವಳು ಕೇಳಿದ್ದು ಎಷ್ಟು ಸಲ ಎಂದು ಎಣಿಸಿದರೆ ಒಂದು ಕೈಯ ಬೆರಳುಗಳೇ ಮಿಗುತ್ತಿದ್ದವು.

ಇವತ್ತು ಮೂರು ಗಂಟೆಗೆ ಸಮಿತಿ ಬರುತ್ತದೆ. ಅಂಕಿಗೆ ಒಪ್ಪಿಗೆ ಬಿದ್ದರೆ ಈ ಮಿಶ್ರಣವೇ ಈ ಆರಕ್ಕೂ, ಮುಂದೆ ಬೇರೆ ಕಡೆ ಹಿಡಿದಿಟ್ಟ ಒಂಟೆಗಳಿಗೂ ವರ್ಷಪೂರ್ತಿಯ ಮೇವು. ಮತ್ತೇನೂ ಇಲ್ಲ, ಇದೊಂದೇ.

ಎರಡು ವರ್ಷದ ಹಿಂದೆ ಕಾಲು ಕಟ್ಟಿ ಲಾರಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದಾಗ ಹೆದ್ದಾರಿಯಲ್ಲಿ ಸಿಕ್ಕಿಬಿದ್ದ ಒಂಟೆಗಳಿವು. ಕೇಸು ಮುಗಿಯುವ ತನಕ ನೋಡಿಕೊಳ್ಳಿ ಎಂದು ಗೋಶಾಲೆಗೆ ಒಪ್ಪಿಸಿದರು. ಕೇಸು ಮುಗಿದಿಲ್ಲ. ಗೇಟಿನಲ್ಲಿ 'ರಕ್ಷಿಸಲ್ಪಟ್ಟ ಮೂಕಜೀವಿಗಳು' ಎಂಬ ಫಲಕ ಹಾಕಿದ್ದಾರೆ. ಭಾನುವಾರ ಬಂದವರು ಮಕ್ಕಳನ್ನು ಒಂಟೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದುಕೊಂಡು, ಆಕಳಿಗೆ ಬಾಳೆಹಣ್ಣು ತಿನ್ನಿಸಿ ಕೈಮುಗಿದು ಹೋಗುತ್ತಾರೆ. ಆಕಳಿಗೆ ಹಿಂಡಿ, ಬೂಸಾ, ಹಸಿಹುಲ್ಲು. ಆಕಳು ತಾಯಿ. ಒಂಟೆ ಯಾರಿಗೇನು? ಯಾರೂ ಕರೆಯದೆ ಬಂದು ಹೋಗಲಾರದೆ ಉಳಿದದ್ದು. ಅದಕ್ಕೆ ಎಷ್ಟು ಅಗ್ಗದಲ್ಲಿ ಜೀವ ಹಿಡಿದಿಡಬಹುದು ಎಂದು ಕಂಡುಹಿಡಿಯುವುದಕ್ಕೆ ಸರ್ಕಾರ ಒಂದು ಯೋಜನೆ ಮಾಡುತ್ತದೆ, ಆ ಯೋಜನೆಗೆ ಮೈತ್ರಿಯಂಥ ಹುಡುಗಿಗೆ ಹನ್ನೊಂದು ತಿಂಗಳ ಹುದ್ದೆ ಸಿಗುತ್ತದೆ. ಇದನ್ನೆಲ್ಲ ಅವಳು ಹಿಂದೆಯೂ ಯೋಚಿಸಿದ್ದಳು. ಯೋಚಿಸಿ, ಟಿಪ್ಪಣಿ ಪುಸ್ತಕ ತೆರೆದು, ಬೆಳಗಿನ ಲದ್ದಿಯ ತೂಕ ಬರೆದಿದ್ದಳು.

ಅವಳು ನಾಲ್ಕನೆಯದರ ಹತ್ತಿರ ಹೋಗಿ ಮೊದಲ ಸಲ ಎಂಬಂತೆ ಕೈಯಿಟ್ಟು ನೋಡಿದಳು. ಐದು ವಾರದಿಂದ ದಿನಾ ಮುಟ್ಟಿದ್ದು ಚೀಲವನ್ನು, ಕೊಂಡಿಯನ್ನು, ತಕ್ಕಡಿಯನ್ನು, ಮೈಯನ್ನಲ್ಲ. ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ಸಿಕ್ಕವು, ಹಳೇ ಏಣಿಯ ಮೆಟ್ಟಿಲಿನ ಹಾಗೆ. ಡುಬ್ಬ ಒಂದು ಪಕ್ಕಕ್ಕೆ ವಾಲಿತ್ತು. ವಾಲಿದ್ದನ್ನು ಅವಳು ನೋಡಿರಲಿಲ್ಲವೆ? ನೋಡಿದ್ದಳು. ಚಳಿಗಾಲದ ನಂತರ ಹಾಗಾಗುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಗಿ ಬಿಟ್ಟಿದ್ದಳು. ಒಂಟೆಗಳನ್ನು ಮೆಕ್ಕೆಜೋಳದ ಮಾರುಕಟ್ಟೆಯ ತೂಕದ ಕಟ್ಟೆಗೆ ಹೊಡೆದುಕೊಂಡು ಹೋಗಿ ತೂಗಿಸೋಣ ಎಂದು ಶುರುವಿನಲ್ಲೇ ಕೇಳಿದ್ದಳು. ಗೋಶಾಲೆಯ ಧರ್ಮದರ್ಶಿ ಶಿವಮೂರ್ತಪ್ಪನವರು, ಪೇಟೆ ತುಂಬಾ ಮೆರವಣಿಗೆ ಮಾಡಿಸ್ತೀರೇನ್ರೀ ಎಂದು ಮುಖ ಸಿಂಡರಿಸಿದ್ದರಿಂದ ಅದು ಅಲ್ಲಿಗೇ ನಿಂತಿತ್ತು. ಅಂಕಿ ಚೆನ್ನಾಗಿ ಬರುತ್ತಿದ್ದಾಗ ಮೈಯನ್ನು ಯಾರು ಕೇಳುತ್ತಾರೆ. ಎಪ್ಪತ್ತೊಂದು ಎಂಬುದು ಅವಳ ಕೈಯಲ್ಲಿತ್ತು, ಪಕ್ಕೆಲುಬು ಎಂಬುದೂ ಅವಳ ಕೈಯಲ್ಲಿತ್ತು, ಮತ್ತು ಐದು ವಾರ ಅವಳು ನಂಬಿದ್ದು ಕಾಗದವನ್ನು.

ಅಷ್ಟು ದೂರದಲ್ಲಿ ಬಸಕ್ಕ ಮಣ್ಣು ಗುಡಿಸುತ್ತಿದ್ದಳು.

ಬಸಕ್ಕ ಮೈತ್ರಿಯ ತಾಯಿಯ ಒಡಹುಟ್ಟಿದ ತಂಗಿ. ತಾಳಗುಂದದವಳು. ಈ ಕೆಲಸ ಕೊಡಿಸಿದವಳು ಮೈತ್ರಿಯೇ, ಆದರೆ ಕೊಡಿಸಿದ ರೀತಿ ಬೇರೆ. ಒಬ್ಬ ಕೆಲಸದವಳು ಬೇಕಿತ್ತಲ್ಲ ಸಾರ್, ಯಾರೋ ತಾಳಗುಂದದ ಹೆಂಗಸಂತೆ ಎಂದಿದ್ದಳು. ಯಾರೋ. ಆ ಶಬ್ದ ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳುವ ದಾರಿ ಇರಲಿಲ್ಲ. ಮೊದಲ ದಿನವೇ ಶಿವಮೂರ್ತಪ್ಪನವರು ಮೈತ್ರಿಯನ್ನು ಕೂರಿಸಿ, ನಿಮ್ಮೂರು ಯಾವುದಮ್ಮ, ನಿಮ್ಮೋರು ಯಾರು ಎಂದು ಕೇಳಿದ್ದಾಗ, ಸೊರಬದ ಕಡೆ, ಅಪ್ಪ ಜಡೆಯಲ್ಲಿ ಮೇಷ್ಟ್ರಾಗಿದ್ದರು ಎಂದು ಹೇಳಿ ಅಲ್ಲಿಗೆ ನಿಲ್ಲಿಸಿದ್ದಳು. ಮೇಷ್ಟ್ರು ಎಂಬುದು ಒಂದು ಜಾತಿಯ ಹಾಗೆ ಅಲ್ಲಿ ಕೆಲಸ ಮಾಡಿತ್ತು. ಅವಳಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಬಂತು. ಬಸಕ್ಕನಿಗೆ ಕಾಗದದ ಲೋಟದಲ್ಲಿ, ಅದೂ ಕಟ್ಟೆಯ ಮೇಲೆ ಇಟ್ಟು. ಮೈತ್ರಿ ಕುಡಿದಳು. ಇಲ್ಲಿ ನೀ ಮೇಡಂ, ನಾ ಬಸಕ್ಕ ಎಂದು ಬಸಕ್ಕನೇ ಬಾವಿಕಟ್ಟೆಯ ಹತ್ತಿರ ಮೆಲ್ಲಗೆ ಹೇಳಿ ಕಣ್ಣು ಮಿಟುಕಿಸಿದ್ದಳು, ನಾಟಕದಲ್ಲಿ ಪಾತ್ರ ಹಂಚಿದ ಹಾಗೆ. ಆ ಮಿಟುಕು ಎಷ್ಟೋ ದಿನ ಮೈತ್ರಿಯ ಊಟದೊಳಗೆ ಕಲ್ಲಾಗಿ ಸಿಕ್ಕಿತು. ಅಂದಿನಿಂದ ಅಂಗಳದಲ್ಲಿ ಅವರಿಬ್ಬರೂ ಎರಡು ಮಾತಿಗಿಂತ ಹೆಚ್ಚು ಆಡಿದ್ದಿಲ್ಲ. ಮೂರನೆಯ ಮಾತಿಗೆ ಧ್ವನಿ ಒಂದೇ ಮನೆಯದೆಂದು ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆ.

ದಿನಾ ಸಂಜೆ ಐದೂವರೆ ಬಸ್ಸಿಗೆ ಅವಳು ಲದ್ದಿಯ ಮಾದರಿಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಸೊರಬಕ್ಕೆ ಹೋಗುತ್ತಿದ್ದಳು, ಅಲ್ಲಿಯ ಬಾಡಿಗೆ ಕೋಣೆಯಲ್ಲಿ ಒಣಗಿಸುವ ಯಂತ್ರ ಇತ್ತು. ಏನಿದು ಮಾರಾಯ್ತಿ, ಡಬ್ಬೀಲಿ ಮೀನೇನು ಎಂದು ಕೇಳಿದ ಕಂಡಕ್ಟರನಿಗೆ ಒಂಟೆಲದ್ದಿ ಎಂದು ನಿಜ ಹೇಳಿದ ದಿನದಿಂದ ಅವಳ ಪಕ್ಕದ ಸೀಟು ಖಾಲಿ. ಜನ ನಿಂತುಕೊಂಡಾದರೂ ಶಿರಾಳಕೊಪ್ಪ ದಾಟುತ್ತಿದ್ದರು. ಲದ್ದಿಗೆ ಹೇಸಿದ್ದಾರೆ, ಅಷ್ಟೇ ಎಂದು ಅವಳು ಕಿಟಕಿ ನೋಡುತ್ತಿದ್ದಳು. ಆದರೆ ಪಕ್ಕದಲ್ಲಿ ಜಾಗ ಖಾಲಿ ಬೀಳುವ ಆ ತಣ್ಣನೆಯ ಅನುಭವವನ್ನು ಅವಳ ಎಡತೋಳು ಬೇರೆ ಕಡೆಯಿಂದ ಬಲ್ಲುದು. ಜಡೆಯ ಶಾಲೆ, ಬಿಸಿಯೂಟದ ಸಾಲು, ಚೂರು ಚೂರೇ ಸರಿದು ಕೂತ ಹುಡುಗಿಯರು, ಅದನ್ನು ನೋಡಿಯೂ ನೋಡದ ಹಾಗೆ ಹಲಗೆಯ ಮೇಲೆ ಬರೆಯುತ್ತಿದ್ದ ಅಪ್ಪ.

"ಬಸಕ್ಕಾ," ಎಂದು ಕರೆದಳು ಈಗ. ಕಸಬರಿಗೆ ನಿಂತಿತು.

ಕೇಳಬೇಕಾದದ್ದು ಏನೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಒಂಟೆ ಸೊರಗಿದ್ದು ಗೊತ್ತಾಯಿತೇ ಎಂದಳು. ಗೊತ್ತಾಗದೆ ಏನು, ಕಣ್ಣಿಲ್ಲವೇ ಎಂದಳು ಬಸಕ್ಕ. ಹಾಗಾದರೆ ಯಾಕೆ ಹೇಳಲಿಲ್ಲ? ನೀವೆಲ್ಲ ದಿನಾ ತೂಗಿ ತೂಗಿ ಬರಕಂತೀರಲ್ಲ, ನಿಮಗಿಂತ ನನಗೆ ಹೆಚ್ಚು ಗೊತ್ತೈತೇನು ಎಂದು ಬಸಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ತಿಳಿಯಲಿಲ್ಲ. ಮೈತ್ರಿಗೆ ಟಿಪ್ಪಣಿ ಪುಸ್ತಕದ ಒಂದು ಸಾಲು ನೆನಪಾಯಿತು. ಸಂಜೆಯ ಚೀಲ ಯಾವಾಗಲೂ ಭಾರ, ಬೆಳಗಿನದು ಹಗುರ. ರಾತ್ರಿಯ ಗಂಟೆಗಳೇ ಹೆಚ್ಚು, ಬೆಳಗಿನದೇ ಭಾರವಿರಬೇಕಿತ್ತು. ಮೂರನೆಯ ದಿನವೇ ಇದನ್ನು ಮಲ್ಲಿಕಾರ್ಜುನ್ ಅವರಿಗೆ ಹೇಳಿದಾಗ ಅವರು, ಒಂಟೆ ರಾತ್ರಿ ಲದ್ದಿ ಹಿಡಿದಿಡುತ್ತದೆ ಎಂದು ತೋರುತ್ತದೆ, ಹೊಸ ವಿಷಯ, ಬೇರೆಯೇ ಒಂದು ಲೇಖನ ಬರೆಯಬಹುದು ಎಂದಿದ್ದರು. ಅವಳು ಅದಕ್ಕೊಂದು ಶೀರ್ಷಿಕೆಯನ್ನೂ ಯೋಚಿಸಿದ್ದಳು.

"ರಾತ್ರಿ ಚೀಲ ಇರ್ತಾವಲ್ಲ?" ಎಂದಳು. ತನ್ನ ಧ್ವನಿ ತನಗೇ ಸಣ್ಣದಾಗಿ ಕೇಳಿಸಿತು.

"ರಾತ್ರಿ ಯಾಕೆ? ಬಿಚ್ತೀನಿ."

"ಎಲ್ಲಾದೂ?"

"ಆರೂ. ನೀವು ಬಸ್ಸಿಗೆ ಹೋದಮೇಲೆ ಬಿಚ್ಚೋದು, ಬೆಳಿಗ್ಗೆ ನಿಮ್ಮ ಬಸ್ಸು ಬರೋದ್ರಾಗೆ ಕಟ್ಟೋದು. ಬಿದ್ದಿದ್ದೆಲ್ಲ ಗುಡಿಸಿ ತಿಪ್ಪೆಗೆ ಹಾಕ್ತೀನಿ. ಒಂದು ಉಂಡೆ ಉಳಿಸಲ್ಲ, ಬೇಕಾದ್ರೆ ನೋಡ್ರಿ." ಇಷ್ಟು ಹೇಳಿ, ಎದುರಿನವಳ ಮುಖ ನೋಡಿ, ಬಸಕ್ಕ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಅವಳ ಧ್ವನಿ ಇಳಿಯಿತು, ಮೇಡಂ ಹೋಗಿ ಅಕ್ಕನ ಮಗಳು ಬಂದಳು. "ಯಾಕವ್ವ? ಆಕಳು ಓಡಾಡೋ ಜಾಗದಾಗೆ ಇವುಗಳ ಲದ್ದಿ ಬೀಳಬಾರ್ದು, ಮೈಲಿಗೆ ಆಗ್ತೈತಿ ಅಂತ ಕಟ್ಟಿಸೀರಿ ಅನ್ಕಂಡೆ ನಾನು. ಹಗಲು ಪೂಜೆಯೋರು ಬರ್ತಾರೆ, ಕಟ್ಟಿರ್ಲಿ. ರಾತ್ರಿ ನೋಡಾಕೆ ಯಾರಿದಾರೆ? ಕುಂಡಿಗೆ ಗಂಟು ಕಟ್ಟಿಕೊಂಡು ಹೆಂಗೆ ಮಲಗ್ತಾವು ಪಾಪ."

ಕೊಟ್ಟಿಗೆಯ ಫ್ಯಾನುಗಳ ಸದ್ದು, ತಗಡಿನ ಟಿಕ್ ಟಿಕ್, ರಸ್ತೆಯ ಮೇಲೆ ಮೆಕ್ಕೆಜೋಳದ ಲಾರಿ, ಎಲ್ಲ ಒಂದು ಕ್ಷಣ ಬಹಳ ಹತ್ತಿರ ಬಂದು ಆಮೇಲೆ ಬಹಳ ದೂರ ಹೋದವು. ಮೂವತ್ತೈದು ರಾತ್ರಿ, ಆರು ಒಂಟೆ. ಅರ್ಧಕ್ಕಿಂತ ಹೆಚ್ಚು ಲದ್ದಿ ತಿಪ್ಪೆಯಲ್ಲಿದೆ. ಅದನ್ನು ಕೂಡಿಸಿದರೆ ಎಪ್ಪತ್ತೊಂದು ನಲವತ್ತನ್ನೂ ದಾಟದು. ಒಂಟೆ ಕಲ್ಲು ಕರಗಿಸಲಿಲ್ಲ. ತಿಂದದ್ದು ತಿಂದ ಹಾಗೇ ಹೊರಗೆ ಬಿತ್ತು, ಮೈ ತನ್ನನ್ನೇ ತಿಂದುಕೊಂಡಿತು, ಆರು ಬೆರಳಿನಷ್ಟು. ಇದೆಲ್ಲ ಲೆಕ್ಕಕ್ಕೆ ನಿಲುಕುವ ಮಾತು. ನಿಲುಕದ್ದು ಬೇರೆಯದು. ಮೈಲಿಗೆ ಎಂಬ ಶಬ್ದ. ಶಾಸ್ತ್ರಕ್ಕಾಗಿ, ತೂಕಕ್ಕಾಗಿ, ಪದವಿಯ ಓದೆಲ್ಲ ಬಸಿದು ಅವಳು ಬರೆದುಕೊಟ್ಟ ಚೀಲವನ್ನು ಈ ಹೆಂಗಸು ನೋಡಿದ ಕೂಡಲೇ ಗುರುತು ಹಿಡಿದಿದ್ದಳು. ಗುರುತು ತಪ್ಪಿತ್ತು, ನಿಜ. ಆದರೆ ಈ ಅಂಗಳದಲ್ಲಿ ಐದು ವಾರ ಕಾಗದದ ಲೋಟದಲ್ಲಿ ಕುಡಿದವಳಿಗೆ ಬೇರೆ ಯಾವ ಗುರುತು ಸಿಗಬೇಕಿತ್ತು?

ಅಪ್ಪ ಜಡೆಯ ಮನೆಯ ಜಗಲಿಯಲ್ಲಿ ಭಾನುವಾರ ನಡೆಸುತ್ತಿದ್ದ ಓದುಬಳಗಕ್ಕೆ ಏಳೆಂಟು ಜನ ಬರುತ್ತಿದ್ದರು. ಒಬ್ಬರು ಓದುವುದು, ಉಳಿದವರು ಕೇಳುವುದು, ಆಮೇಲೆ ಜಗಳ. ಒಂದು ಭಾನುವಾರ ಹಳೆಯ ರಾಜ್ಯವೊಂದರ ಸಂಗತಿ ಬಂತು. ನಮ್ಮ ಜನ ಬೀದಿಗೆ ಇಳಿಯಬೇಕಾದರೆ ಉಗುಳುವುದಕ್ಕೆ ಕತ್ತಿಗೆ ಮಡಕೆ, ಹೆಜ್ಜೆಗುರುತು ಅಳಿಸುವುದಕ್ಕೆ ಬೆನ್ನ ಹಿಂದೆ ಪೊರಕೆ ಕಟ್ಟಿಕೊಳ್ಳಬೇಕಿತ್ತು ಎಂದು ಅಪ್ಪ ಓದಿದರು. ಎಂಟು ವರ್ಷದ ಮೈತ್ರಿ ಕಂಬ ಹಿಡಿದುಕೊಂಡು, ಕಟ್ಟುತ್ತಿದ್ದವರು ಯಾರು ಎಂದು ಕೇಳಿದ್ದಳು. ಬಸಕ್ಕ ಆವತ್ತು ಅಲ್ಲಿದ್ದಳು, ಹೊಸದಾಗಿ ಮದುವೆಯಾದವಳು, ಓದು ಬಾರದವಳು, ಹಬ್ಬಕ್ಕೆಂದು ಅಕ್ಕನ ಮನೆಗೆ ಬಂದವಳು. ಅವಳು ಎದ್ದು ಒಳಗೆ ಹೋದಳು, ಬಹಳ ಹೊತ್ತು ನೀರು ಸುರಿದುಕೊಂಡ ಸದ್ದು ಕೇಳಿತ್ತು. ಅದೇ ಬಸಕ್ಕ ಈಗ ಎದುರಿಗೆ ನಿಂತು, ತಪ್ಪಾಯ್ತೇನವ್ವ, ಚೀಲ ಯಾಕಂತ ನನಗೆ ಯಾರೂ ಹೇಳಲಿಲ್ಲವಲ್ಲ ಎನ್ನುತ್ತಿದ್ದಳು. ಯಾರೂ ಎಂದರೆ ಯಾರು. ಹೇಳಬೇಕಾದವಳು ಒಬ್ಬಳೇ. ಹೇಳಲು ಕಾಲು ಗಂಟೆ ಸಾಕಿತ್ತು. ಆ ಕಾಲು ಗಂಟೆ ಒಟ್ಟಿಗೆ ಕೂತದ್ದು ಯಾರ ಕಣ್ಣಿಗಾದರೂ ಬಿದ್ದರೆ ಎಂದು ಅವಳು ಹೇಳಿರಲಿಲ್ಲ. ಆರು ಒಂಟೆಗಳ ಪಕ್ಕೆಲುಬು ಎಣಿಸುವ ಹಾಗೆ ಮಾಡಿದ್ದು ಮೆಕ್ಕೆಜೋಳದ ಬೆಂಡಲ್ಲ, ಅಡಿಕೆ ಹಾಳೆಯೂ ಅಲ್ಲ.

ಮಲ್ಲಿಕಾರ್ಜುನ್ ಒಂದೂವರೆಗೆ ಕಾರಿನಲ್ಲಿ ಬಂದು ಗೋಶಾಲೆಯ ಕಚೇರಿಯಲ್ಲಿ ಬುತ್ತಿ ಬಿಚ್ಚಿದ್ದರು. ಮೈತ್ರಿ ನಿಂತುಕೊಂಡೇ ಎಲ್ಲ ಹೇಳಿದಳು, ಸಂಬಂಧವೊಂದನ್ನು ಬಿಟ್ಟು. ಹೇಳುವಾಗಲೇ ಅದನ್ನು ಬಿಟ್ಟದ್ದು ತಿಳಿಯಿತು, ಆದರೂ ಬಿಟ್ಟಳು. ಅವರು ಎಷ್ಟು ರಾತ್ರಿ ಎಂದು ಕೇಳಿದರು. ಮೂವತ್ತೈದೂ ಎಂದಳು. ಬುತ್ತಿಯ ಮುಚ್ಚಳ ಮುಚ್ಚಿ, ಇನ್ನು ಯಾರಿಗೆ ಗೊತ್ತು ಎಂದು ಕೇಳಿದರು. ಆಮೇಲೆ ಬೆಂಕಿ ಹತ್ತಿದ ಮನೆಯಲ್ಲಿ ಸಾಮಾನು ಆರಿಸುವವರ ಹಾಗೆ ಬೇಗ ಬೇಗ ಮಾತಾಡಿದರು. ಸಮಿತಿ ಬರುವುದಕ್ಕೆ ಒಂದೂವರೆ ಗಂಟೆ ಇದೆ. ಈಗ ಅಂಕಿ ಬದಲಿಸಿದರೆ ಯೋಜನೆ ಬೀಳುತ್ತದೆ, ಅವಳ ಹುದ್ದೆಯೂ. ಸಂಗ್ರಹದಲ್ಲಿ ಕೆಲವು ಸಣ್ಣ ಲೋಪಗಳಾಗಿರಬಹುದು ಎಂದು ಒಂದು ಅಡಿಟಿಪ್ಪಣಿ ಹಾಕೋಣ. ಒಂಟೆಗಳಿಗೆ ಮುಂದೆ ನಿಧಾನಕ್ಕೆ ಏನಾದರೂ ನೋಡೋಣ.

"ಆ ಹೆಂಗಸನ್ನ ನಾಳೆಯಿಂದ ಬಿಡಿಸಿಬಿಡಿ," ಎಂದರು. "ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ನೋಡಿ."

ಧ್ವನಿ ತಗ್ಗಿಸದೆ ಹೇಳಿದರು. ತಗ್ಗಿಸಬೇಕಾದ ಕಾರಣ ಅವರಿಗಿರಲಿಲ್ಲ. ಆ ಮಾತಿನ ಈಚೆ ಬದಿಗೆ, ತಮ್ಮ ಪಕ್ಕದಲ್ಲೇ ಅವಳು ನಿಂತಿದ್ದಾಳೆ ಎಂದು ನಂಬಿದ್ದರು. ಹಾಗೆ ನಂಬುವ ಹಾಗೆ ಅವಳು ಐದು ವಾರ ನಿಂತಿದ್ದಳು ಕೂಡ. ಕಪಾಳಕ್ಕೆ ಬಿದ್ದರೆ ಕೈಯಾದರೂ ಕಾಣುತ್ತದೆ. ಅವಳು, ಸರಿ ಸಾರ್ ಎಂದಳು. ಸರಿ ಎಂದು ಹೊರಗೆ ಬಂದು, ನೀರಿನ ತೊಟ್ಟಿಯ ಮುಂದೆ ನಿಂತು, ತಾನು ಸರಿ ಎಂದದ್ದು ಹೌದೇ ಎಂದು ಯೋಚಿಸಿದಳು.

ಸಮಿತಿಯವರು ನಾಲ್ವರು. ಕುರ್ಚಿಗಳನ್ನು ಆಕಳುಗಳ ಅಂಗಳದ ನೆರಳಿನಲ್ಲಿ ಹಾಕಿದ್ದರು, ಒಂಟೆಗಳ ಚಪ್ಪರ ಅಲ್ಲಿಂದ ಇಪ್ಪತ್ತು ಹೆಜ್ಜೆ. ಯಾರೂ ಆ ಇಪ್ಪತ್ತು ಹೆಜ್ಜೆ ನಡೆಯಲಿಲ್ಲ. ಕಾಫಿ ಬಂತು. ಮಲ್ಲಿಕಾರ್ಜುನ್ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದರು, ಪರದೆಯ ತುಂಬ ಹಸಿರು ಬಣ್ಣದಲ್ಲಿ ಎಪ್ಪತ್ತೊಂದು. ಅಧ್ಯಕ್ಷರು ಹುಬ್ಬೇರಿಸಿ ಒಳ್ಳೆಯದು ಒಳ್ಳೆಯದು ಎಂದರು. ಶಿವಮೂರ್ತಪ್ಪನವರು, ಅಡಿಕೆ ಹಾಳೆ ಬೇಕಾದಷ್ಟು ಬಿದ್ದಿರ್ತೈತ್ರಿ, ಸುಡೋ ಬದಲು ಇವಕ್ಕೆ ಹಾಕಬೋದು, ಹೊಟ್ಟೆ ತುಂಬಿದ್ರೆ ಸಾಕಲ್ಲ ಎಂದು ನಕ್ಕರು. ಮೈತ್ರಿ ಲೋಟ ಹಿಡಿದು ಅವರ ಹಿಂದೆ ನಿಂತಿದ್ದಳು. ಇಪ್ಪತ್ತು ಹೆಜ್ಜೆ ಆಚೆ ನಾಲ್ಕನೆಯದು ಏಳಲು ನೋಡಿತು. ಹಿಂಗಾಲು ಎತ್ತಿತು, ಮುಂದಿನ ಮಂಡಿ ನಡುಗಿ ಮತ್ತೆ ಕೂತಿತು. ಆ ಕಡೆ ಯಾರೂ ನೋಡಲಿಲ್ಲ. ನೋಡಿದ್ದು ಬಸಕ್ಕ ಒಬ್ಬಳು; ಆಮೇಲೆ ಅವಳು ತಿರುಗಿ ಮೈತ್ರಿಯನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬೇಡಿಕೆಯೂ ಇರಲಿಲ್ಲ.

"ಅಂಕಿ ಸುಳ್ಳು ಸಾರ್," ಎಂದು ಯಾರೋ ಹೇಳಿದರು. ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ ಹೇಳಿದವಳು ತಾನು ಎಂದು ಮೈತ್ರಿಗೆ ಗೊತ್ತಾಯಿತು.

ಆಮೇಲೆ ಅವಳು ನಿಲ್ಲಲಿಲ್ಲ. ರಾತ್ರಿ ಚೀಲ ಬಿಚ್ಚಿತ್ತು, ಅರ್ಧಕ್ಕಿಂತ ಹೆಚ್ಚು ಲದ್ದಿ ತಿಪ್ಪೆಗೆ ಹೋಯಿತು, ನಿಜವಾದ ಅಂಕಿ ನಲವತ್ತೂ ಇಲ್ಲ, ಈ ಮೇವಿನಲ್ಲಿ ಇವು ಮುಂದಿನ ಮಳೆಗಾಲ ನೋಡುವುದಿಲ್ಲ. ಮಲ್ಲಿಕಾರ್ಜುನ್ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು, ಹಾವು ಒಳಗಿರುವ ಬುಟ್ಟಿಯ ಮೇಲೆ ಇಟ್ಟ ಹಾಗೆ. ಬಿಚ್ಚಿದ್ದು ಯಾರು ಎಂದು ಅಧ್ಯಕ್ಷರು ಕೇಳಿದರು. ಬಸಕ್ಕ. ಆದರೆ ತಪ್ಪು ಆಕೆಯದ್ದಲ್ಲ, ಚೀಲ ಯಾಕೆ ಎಂದು ತಾನು ಆಕೆಗೆ ಹೇಳಿರಲಿಲ್ಲ. ಸಮಿತಿಯಲ್ಲಿ ಒಬ್ಬರೇ ಇದ್ದ ಹೆಂಗಸು, ವಯಸ್ಸಾದ ಅಧಿಕಾರಿ, ಕನ್ನಡಕ ತೆಗೆದು ಕೇಳಿದರು.

"ಯಾಕಮ್ಮ ಹೇಳಿರಲಿಲ್ಲ?"

"ಮಾತಾಡಿದರೆ ಗೊತ್ತಾಗುತ್ತೆ ಅಂತ."

"ಏನು ಗೊತ್ತಾಗುತ್ತೆ?"

"ಆಕೆ ನಮ್ಮ ಚಿಗವ್ವ ಅಂತ. ನಮ್ಮವ್ವನ ತಂಗಿ."

ಕೊಟ್ಟಿಗೆಯಲ್ಲಿ ಒಂದು ಆಕಳು ಮೂಗು ಸೀಟಿತು. ಶಿವಮೂರ್ತಪ್ಪನವರ ಕಣ್ಣು ಮೈತ್ರಿಯ ಮುಖದ ಮೇಲೆ ನಿಲ್ಲಲಿಲ್ಲ. ಅವಳ ಕೈಯಲ್ಲಿದ್ದ ಸ್ಟೀಲ್ ಲೋಟದ ಮೇಲೆ ಬಂದು ನಿಂತಿತು, ಅಲ್ಲಿಂದ ತಮ್ಮ ಕೈಯ ಲೋಟಕ್ಕೆ ಹೋಯಿತು. ಅದನ್ನು ಅವರು ಕುರ್ಚಿಯ ಪಕ್ಕ ನೆಲದ ಮೇಲೆ ಮೆಲ್ಲಗೆ ಇಟ್ಟರು. ಒಂದು ಗುಟುಕು ಉಳಿದಿತ್ತು ಅದರಲ್ಲಿ. ಇಷ್ಟೇ. ಇದಕ್ಕಾಗಿ ತಾನು ಐದು ವಾರ, ಅಲ್ಲ, ಇಪ್ಪತ್ತಮೂರು ವರ್ಷ ಉಸಿರು ಬಿಗಿಹಿಡಿದಿದ್ದೆ ಎಂದು ಮೈತ್ರಿಗೆ ಅನಿಸಿತು. ಸಿಡಿಲು ಬೀಳುತ್ತದೆ ಎಂದುಕೊಂಡಿದ್ದಳು. ಬಿದ್ದದ್ದು ಒಂದು ಲೋಟ, ಅದೂ ಸದ್ದಿಲ್ಲದೆ.

ಅಲ್ಲಿಂದ ಮುಂದೆ ಯಾರೂ ಒಂಟೆಯ ಮಾತು ಎತ್ತಲಿಲ್ಲ. ಸಂಬಂಧ ಮುಚ್ಚಿಟ್ಟು ಕೆಲಸ ಕೊಡಿಸಿದ್ದು ಎಂಬಲ್ಲಿಗೆ ವಿಷಯ ಜಾರಿತು, ಜಾರಿದ್ದು ಎಲ್ಲರಿಗೂ ಸಲೀಸಾಯಿತು. ಹೆಂಗಸು ಅಧಿಕಾರಿ ಒಮ್ಮೆ ಒಂಟೆಗಳ ಕಡೆ ನೋಡಿ ಏನೋ ಹೇಳಹೊರಟು ಕನ್ನಡಕ ಹಾಕಿಕೊಂಡರು. ಅಧ್ಯಕ್ಷರು ನಡಾವಳಿ ಬರೆಸಿದರು. ಕೂಲಿ ಹೆಂಗಸನ್ನು ಇಂದಿನಿಂದಲೇ ಬಿಡಿಸುವುದು. ಸಹಾಯಕಿಯಿಂದ ಲಿಖಿತ ಉತ್ತರ ಕೇಳುವುದು. ಪ್ರಯೋಗವನ್ನು ಮುಂದಿನ ಸಾಲಿನಲ್ಲಿ ಮತ್ತೆ ನಡೆಸುವುದು.

"ಅಲ್ಲೀ ತನಕ ಒಂಟೆಗಳು?" ಎಂದಳು ಮೈತ್ರಿ.

ಅಲ್ಲಿಯ ತನಕ ಈಗಿನ ಮೇವೇ ಮುಂದುವರಿಯಲಿ ಎಂದರು ಅಧ್ಯಕ್ಷರು, ಪೆನ್ನು ಮುಚ್ಚುತ್ತ.

ಸುಳ್ಳಿಗೂ ಅದೇ ಹಾಳೆ, ನಿಜಕ್ಕೂ ಅದೇ ಹಾಳೆ. ನಿಜಕ್ಕೆ ಸಿಕ್ಕ ಹೆಚ್ಚಳವೆಂದರೆ, ಇಡೀ ಅಂಗಳದಲ್ಲಿ ಆ ಪ್ರಾಣಿಗಳು ಹೇಗೆ ಮಲಗುತ್ತವೆ ಎಂದು ಯೋಚಿಸಿದ ಒಬ್ಬಳನ್ನು ಹೊರಗೆ ಹಾಕಿದ್ದು. ಅಪ್ಪನ ಜಗಲಿಯ ಓದೆಲ್ಲ ನಿಜ ಹೇಳು, ನಿಜ ಹೇಳು ಎಂದಿತ್ತು, ಹೇಳಿದ ಮೇಲೆ ಏನಾಗುತ್ತದೆ ಎಂಬ ಪುಟವನ್ನು ಯಾರೂ ಓದಿರಲಿಲ್ಲ.

ಆಗ ಬಸಕ್ಕ ಆಕಳುಗಳ ಕೊಟ್ಟಿಗೆಗೆ ನಡೆದು ಹೋದದ್ದು ಕಂಡಿತು. ಅವಸರವಿಲ್ಲದೆ ಒಳಗೆ ಹೋಗಿ, ದೊಡ್ಡ ಬೋಗುಣಿಯ ತುಂಬ ಶೇಂಗಾ ಹಿಂಡಿ ಬೂಸಾ ಕಲಸಿದ್ದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಬಂದಳು. ಕುರ್ಚಿಗಳ ನಡುವಿನಿಂದಲೇ ಬಂದಳು, ಬೇರೆ ದಾರಿಯಿದ್ದರೂ. ಅದು ಆಕಳಿಂದು ಎಂದರು ಶಿವಮೂರ್ತಪ್ಪ. ಬಸಕ್ಕ ನಿಲ್ಲಲಿಲ್ಲ. ಸಿಮೆಂಟು ಮುಗಿದು ಮಣ್ಣು ಶುರುವಾಯಿತು. ಮೈತ್ರಿ ಓಡಿಹೋಗಿ ಎರಡೂ ಕೈಯಿಂದ ಬೋಗುಣಿಯ ಅಂಚು ಹಿಡಿದು ತಡೆದಳು. ಹಿಂದೆ ಕುರ್ಚಿಯಲ್ಲಿದ್ದವರು, ಸದ್ಯ, ಓದಿದವಳಿಗೆ ಬುದ್ಧಿ ಇದೆ ಎಂದುಕೊಂಡಿರಬೇಕು. ಬಸಕ್ಕನ ಮುಖ ಬಿಳುಚಿಕೊಂಡಿತು. ಬೆಳಗಿನಿಂದ ಅವಳು ನಿಜಕ್ಕೂ ಬೆಚ್ಚಿದ್ದು ಆಗ.

"ಇಷ್ಟೂ ಹಾಕಬ್ಯಾಡ ಚಿಗವ್ವ," ಎಂದಳು ಮೈತ್ರಿ. ಆ ಅಂಗಳದಲ್ಲಿ ಯಾವತ್ತೂ ಆಡದ ಮನೆಯ ಮಾತು, ಗಟ್ಟಿಯಾಗಿ, ಇಪ್ಪತ್ತು ಹೆಜ್ಜೆಗೂ ಕೇಳುವ ಹಾಗೆ. "ಬರೀ ಬೆಂಡು ತಿಂದ ಹೊಟ್ಟೆ. ಒಮ್ಮೆಗೇ ಹಿಂಡಿ ಬಿದ್ರೆ ಉಬ್ಬಿಕೊಂಡು ಸಾಯ್ತೈತಿ. ಇವತ್ತು ಒಂದು ಹಿಡಿ. ನಾಳೆ ಎರಡು. ನಾಡಿದ್ದು ಮೂರು."

ಬೋಗುಣಿ ಕೆಳಗಿಳಿಯಿತು. ಬಸಕ್ಕ ಅವಳನ್ನು ನೋಡುತ್ತ ನಿಂತು, "ನಾಳೆ ನನ್ನ ಒಳಗೆ ಬಿಡ್ತಾರೇನು?" ಎಂದಳು.

ಮೈತ್ರಿ ಬೋಗುಣಿಯ ಕಡೆ ಬಗ್ಗಿದಳು. ತನ್ನನ್ನಾದರೂ ಬಿಡುತ್ತಾರೋ ಇಲ್ಲವೋ. ಅವಳು ಮಂಡಿಯೂರಿ ಒಂದು ಹಿಡಿ ತೆಗೆದು, ಹೆಚ್ಚೆನಿಸಿದ್ದನ್ನು ಬೆರಳ ಸಂದಿಯಿಂದ ಉದುರಿಸಿ, ನಾಲ್ಕನೆಯದರ ಬಾಯಿಗೆ ಹಿಡಿದಳು. ಅದು ಮೊದಲು ಮೂಸಲಿಲ್ಲ ಕೂಡ. ಆಮೇಲೆ ಸೀಳುತುಟಿ ಅಂಗೈಗೆ ಬಂತು, ಬಿಸಿಯಾಗಿ, ಮೆತ್ತಗೆ, ಒಳಗಿನ ಹಲ್ಲನ್ನು ಎಲ್ಲೋ ದೂರ ಇಟ್ಟುಕೊಂಡು. ಹಿಡಿ ಮುಗಿಯಿತು. ತುಟಿ ಇನ್ನೂ ಅಂಗೈಯ ಗೆರೆಗಳಲ್ಲಿ ಹುಡುಕುತ್ತಿತ್ತು. ಅವಳು ಕೈ ಹಿಂದೆಗೆಯಲಿಲ್ಲ, ಇನ್ನೊಂದು ಹಿಡಿ ಕೊಡಲೂ ಇಲ್ಲ. ಕೊಡದಿರುವುದು ಇಷ್ಟು ಕಷ್ಟದ್ದು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಿಂದಿನಿಂದ ಶಿವಮೂರ್ತಪ್ಪನವರು, ಆ ಬೋಗುಣಿ ಎತ್ತಿ ಒಳಗಿಡೋಕೆ ಯಾರನ್ನಾದರೂ ಕರೀರಿ ಎಂದು ಯಾರಿಗೋ ಹೇಳುತ್ತಿದ್ದರು. ಎತ್ತುವವಳನ್ನು ಆಗಷ್ಟೇ ಬಿಡಿಸಲಾಗಿತ್ತು. ಬೇರೆ ಯಾರೂ ಮುಟ್ಟಲು ಬರಲಿಲ್ಲ.

ವಾಸನೆ ಹತ್ತಿ ಉಳಿದವು ಎದ್ದು ನಿಂತಿದ್ದವು. ಇನ್ನೂ ಐದು. ಮೈತ್ರಿ ಬೋಗುಣಿಗೆ ಮತ್ತೆ ಕೈ ಹಾಕಿದಳು.